ಬೇಟೆಗಾರನ ಬೆನ್ನಿಗೆ ಹಗುರ ಡೇರೆ: ತೂಕವೊಂದೇ ಮಾನದಂಡವಲ್ಲ

ಅಮೆರಿಕದ ಪಶ್ಚಿಮ ಭಾಗದ ರಾಕಿ ಪರ್ವತ ಶ್ರೇಣಿಯಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಎಲ್ಕ್ ಬೇಟೆಯ ಕಾಲ. ನಮ್ಮ ಕಡವೆಯ ಹತ್ತಿರದ ಸಂಬಂಧಿಯಾದ ಈ ಭಾರೀ ಪ್ರಾಣಿಯನ್ನು ಅರಸಿ ಬೇಟೆಗಾರರು ರಸ್ತೆಯಿಂದ ಬಹುದೂರದ ಕಾಡುಗಳಿಗೆ ಕಾಲ್ನಡಿಗೆಯಲ್ಲಿ ತೆರಳುತ್ತಾರೆ. ನಾಲ್ಕೈದು ದಿನ, ಕೆಲವೊಮ್ಮೆ ಒಂದು ವಾರ, ಬೆನ್ನ ಮೇಲೆ ಹೊತ್ತೊಯ್ದ ಡೇರೆಯೇ ಅವರ ಮನೆ. ಅದರ ಆಯ್ಕೆಯಲ್ಲಿ ಎಡವಿದರೆ ಪ್ರಾಣಕ್ಕೇ ಸಂಚಕಾರ ಒದಗಬಹುದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಬೇಟೆ ಅಪರಾಧ. ಅಮೆರಿಕದಲ್ಲಾದರೋ ಆಯಾ ರಾಜ್ಯದ ವನ್ಯಜೀವಿ ಇಲಾಖೆಯೇ ಬೇಟೆಯ ಅವಧಿಯನ್ನು ಗೊತ್ತುಪಡಿಸಿ ಪರವಾನಗಿ ನೀಡುತ್ತದೆ. ಆದರೂ ಡೇರೆಯ ವಿಚಾರದಲ್ಲಿ ಅಲ್ಲಿನ ಅನುಭವ, ಹಿಮಾಲಯದ ತಪ್ಪಲಿಗೆ ತೆರಳುವ ನಮ್ಮ ಚಾರಣಿಗರಿಗೂ ಉಪಯುಕ್ತವಾದುದೇ ಆಗಿದೆ.

ಹೊರೆಯ ಲೆಕ್ಕ

ಅಮೆರಿಕದ 1964ರ ಅರಣ್ಯಪ್ರದೇಶ ಕಾಯ್ದೆಯಡಿ ಘೋಷಿತವಾದ ಕಾಡುಗಳಲ್ಲಿ ಮೋಟಾರು ವಾಹನವಿರಲಿ, ಬೈಸಿಕಲ್ಲಿಗೂ ಪ್ರವೇಶವಿಲ್ಲ. ಐಡಾಹೋ ರಾಜ್ಯದ ಫ್ರಾಂಕ್ ಚರ್ಚ್ ಅರಣ್ಯವೊಂದೇ ಸುಮಾರು 9,500 ಚದರ ಕಿಲೋಮೀಟರ್ ವಿಸ್ತಾರವಾಗಿದೆ. ಕುದುರೆ, ಹೇಸರಗತ್ತೆಗಳಿದ್ದವರು ದಪ್ಪ ಕ್ಯಾನ್‌ವಾಸಿನ ಗುಡಾರವನ್ನೇ ಹೇರಿಕೊಂಡು ಹೋಗುವರು. ಉಳಿದವರಿಗೆ ತಮ್ಮ ಬೆನ್ನೇ ಗತಿ.

ಪ್ರಾಣಿ ಬಿದ್ದ ಮೇಲೆ ನಿಜವಾದ ಹೊರೆ ಆರಂಭವಾಗುತ್ತದೆ. ಬೆಳೆದ ಗಂಡು ಎಲ್ಕ್ 300 ಕಿಲೋ ತೂಗುವುದುಂಟು. ಮೂಳೆ ಬಿಡಿಸಿದ ಮಾಂಸವೇ ಸುಮಾರು 90ರಿಂದ 100 ಕಿಲೋ. ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದಕ್ಕೆ ಈ ಭಾಗದ ರಾಜ್ಯಗಳ ಕಾನೂನು ಅವಕಾಶ ನೀಡುವುದಿಲ್ಲ. ಒಬ್ಬನೇ ಇದ್ದಲ್ಲಿ ಮೂರು ನಾಲ್ಕು ಬಾರಿ ಹೊತ್ತು ತಿರುಗಬೇಕು. ಆದ್ದರಿಂದಲೇ ಬೇಟೆಗಾರರು ಒಂದೊಂದು ಗ್ರಾಮಿಗೂ ಲೆಕ್ಕ ಹಾಕುತ್ತಾರೆ.

ಹಗುರ ಸಾಮಗ್ರಿಯ ಪರಿಕಲ್ಪನೆ ಮೂಲತಃ ದೀರ್ಘ ಚಾರಣಿಗರದು. 1955ರಲ್ಲಿ 67 ವರ್ಷದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ ಡೇರೆಯ ಬದಲು ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆಯನ್ನೊಯ್ದು ಅಪಲೇಚಿಯನ್ ಹಾದಿಯನ್ನು ಪೂರೈಸಿದರು. 1992ರಲ್ಲಿ ರೇ ಜಾರ್ಡಿನ್ ಬರೆದ ಕೈಪಿಡಿ ಈ ವಿಚಾರವನ್ನು ಜನಪ್ರಿಯಗೊಳಿಸಿತು. ಆದರೆ ಚಾರಣಿಗ ಹೊರಡುವುದು ಬಹುಮಟ್ಟಿಗೆ ಬೇಸಗೆಯಲ್ಲಿ. ದಿನವಿಡೀ ನಡೆಯುತ್ತ ಮೈ ಬೆಚ್ಚಗಿಟ್ಟುಕೊಳ್ಳುತ್ತಾನೆ. ಬೇಟೆಗಾರ ಹೋಗುವುದು ಹಿಮ ಬೀಳುವ ಹೊತ್ತಿನಲ್ಲಿ. ಗಂಟೆಗಟ್ಟಲೆ ಕದಲದೆ ಕೂರುತ್ತಾನೆ, ಒದ್ದೆಯಾಗಿ ಮರಳುತ್ತಾನೆ. ಒಬ್ಬರಿಗೆ ಒಪ್ಪುವ ಡೇರೆ ಇನ್ನೊಬ್ಬರಿಗೆ ಒಪ್ಪಬೇಕೆಂದೇನೂ ಇಲ್ಲ.

ಬಟ್ಟೆಯ ಗುಣ

ಹಗುರ ಡೇರೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಬಟ್ಟೆ ಬಳಕೆಯಲ್ಲಿದೆ. ಸಿಲಿಕೋನ್ ಲೇಪಿತ ನೈಲಾನ್ ಗಟ್ಟಿಮುಟ್ಟು. ಆದರೆ ನೀರು ಹೀರಿ ಹಿಗ್ಗುವುದರಿಂದ ಮಳೆಯಲ್ಲಿ ಜೋತುಬೀಳುತ್ತದೆ, ನಡುರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ. ಸಿಲಿಕೋನ್ ಲೇಪಿತ ಪಾಲಿಯೆಸ್ಟರ್ ಅಷ್ಟಾಗಿ ಹಿಗ್ಗುವುದಿಲ್ಲ. ಅದೇ ತೂಕದ ನೈಲಾನಿಗಿಂತ ಹರಿಯುವ ಸಂಭವ ಹೆಚ್ಚು. ಡೈನೀಮಾ ಸಂಯೋಜಿತ ಬಟ್ಟೆ ಎಲ್ಲಕ್ಕಿಂತ ಹಗುರ, ನೀರನ್ನು ಹೀರುವುದೇ ಇಲ್ಲ. ಬೆಲೆ ಮಾತ್ರ ಗಗನಮುಖಿ, ಚೂಪಾದ ವಸ್ತು ತಾಗಿದರೆ ತೂತಾಗುತ್ತದೆ.

ವಿವರಪಟ್ಟಿಯಲ್ಲಿನ ‘ಡೆನಿಯರ್’ ಎಂದರೆ 9,000 ಮೀಟರ್ ನೂಲಿನ ತೂಕ, ಗ್ರಾಮಿನಲ್ಲಿ. ಈ ಅಂಕಿ ಕಡಿಮೆಯಾದಷ್ಟೂ ನೂಲು ತೆಳು. ಮಿಲಿಮೀಟರಿನಲ್ಲಿ ಸೂಚಿಸುವ ಜಲಸ್ತಂಭದ ಅಂಕಿಯು ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯಬಲ್ಲದೆಂಬುದನ್ನು ತಿಳಿಸುತ್ತದೆ.

ಒಂದು ಪದರವೋ, ಎರಡೋ?

ಮಳೆಯಷ್ಟೇ ಕಾಡುವ ಶತ್ರು ಡೇರೆಯ ಒಳಗೇ ಇದೆ. ಮಲಗಿದವರ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಗುಲಿ ಹನಿಗಟ್ಟುತ್ತದೆ. ಒಂದೇ ಪದರದ ಡೇರೆಯಲ್ಲಿ ಈ ಹನಿ ನೇರವಾಗಿ ಹಾಸಿಗೆಯ ಮೇಲೆ ಉದುರುವುದು. ಹಕ್ಕಿಯ ಪುಕ್ಕ ತುಂಬಿದ ಮಲಗುಚೀಲ ಒದ್ದೆಯಾದರೆ ಬೆಚ್ಚಗಿಡುವ ಶಕ್ತಿಯನ್ನು ಬಹಳವಾಗಿ ಕಳೆದುಕೊಳ್ಳುತ್ತದೆ. ಎರಡು ಪದರದ ಡೇರೆ ಒಂದೆರಡು ನೂರು ಗ್ರಾಂ ಹೆಚ್ಚು ತೂಗಿದರೂ ಒಳಪದರ ಹನಿಯನ್ನು ತಡೆಯುತ್ತದೆ. ಒದ್ದೆ ಬಟ್ಟೆ, ಗಾಳಿ ಮತ್ತು ಚಳಿ ಕೂಡಿದಾಗ ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಅಪಾಯವಿರುವುದರಿಂದ ಈ ವ್ಯತ್ಯಾಸ ಕ್ಷುಲ್ಲಕವಲ್ಲ.

ತಳವಿಲ್ಲದ ಡೇರೆ, ಒಳಗೊಂದು ಒಲೆ

ಈ ಸಮಸ್ಯೆಗೆ ಪಶ್ಚಿಮದ ಅನೇಕ ಬೇಟೆಗಾರರು ಕಂಡುಕೊಂಡ ಉತ್ತರ ‘ಟೀಪೀ’ ಮಾದರಿಯ ಡೇರೆ. ನಡುವೆ ಒಂದು ಕಂಬ, ಕೆಳಗೆ ನೆಲಹಾಸಿಲ್ಲ, ಒಳಗೆ ಮಡಚಬಹುದಾದ ಟೈಟಾನಿಯಂ ಒಲೆ, ಮೇಲಕ್ಕೊಂದು ಹೊಗೆಕೊಳವೆ. ಸೌದೆ ಕಾಡಿನಲ್ಲೇ ಸಿಗುತ್ತದೆ. ಒದ್ದೆ ಬಟ್ಟೆ, ಪಾದರಕ್ಷೆ ಒಣಗಿಸಲು ಇದಕ್ಕಿಂತ ಅನುಕೂಲ ಬೇರಿಲ್ಲ. ಇಬ್ಬರು ಹಂಚಿಕೊಂಡರೆ ತೂಕವೂ ಹೆಚ್ಚೆನಿಸದು.

ಆದರೆ ಎಚ್ಚರಿಕೆ ಅಗತ್ಯ. ತೆಳು ತಗಡಿನ ಒಲೆ ಸೌದೆ ಹಾಕದಿದ್ದರೆ ಬೇಗನೆ ಆರಿಹೋಗುತ್ತದೆ. ಹಾಗಾಗಿ ಒಲೆಯನ್ನು ನಂಬಿ ತೆಳುವಾದ ಮಲಗುಚೀಲ ಒಯ್ಯುವಂತಿಲ್ಲ. ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಮುಚ್ಚಿದ ಜಾಗದಲ್ಲಿ ಕೊಲ್ಲಬಲ್ಲದು. ಗಾಳಿಕಿಂಡಿ ತೆರೆದಿರಬೇಕು, ಮಲಗುವ ಮುನ್ನ ಬೆಂಕಿ ನಂದಿರಬೇಕು. ಸಾದಾ ಡೇರೆಯೊಳಗೆ ಒಲೆ ಹಚ್ಚುವುದಂತೂ ಸರ್ವಥಾ ಸಲ್ಲದು.

ಕಂಬದ ಪ್ರಶ್ನೆ

ತೂಕ ಉಳಿಸಲು ಅನೇಕ ಡೇರೆಗಳು ಊರುಗೋಲನ್ನೇ ಕಂಬವಾಗಿ ಬಳಸುತ್ತವೆ. ದಿನವೂ ಡೇರೆ ಕಿತ್ತು ಮುಂದೆ ಸಾಗುವವರಿಗೆ ಇದು ಸರಿ. ಒಂದೇ ಕಡೆ ಬೀಡುಬಿಟ್ಟು ಮುಂಜಾನೆ ಹೊರಡುವ ಬೇಟೆಗಾರ ಊರುಗೋಲನ್ನು ಜತೆಗೊಯ್ದರೆ ಡೇರೆ ನೆಲಕಚ್ಚುತ್ತದೆ, ಬಿಟ್ಟುಹೋದರೆ ಮಾಂಸ ಹೊತ್ತು ಇಳಿಯುವಾಗ ಆಸರೆ ಇಲ್ಲದಾಗುತ್ತದೆ. ಅಂಥವರು ಪ್ರತ್ಯೇಕ ಕಂಬವಿರುವ ಡೇರೆಯನ್ನು ಆರಿಸುವುದೇ ಲೇಸು.

ಕೊಳ್ಳುವ ಮುನ್ನ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಇಲ್ಲಿ ತಿರುಗುಮುರುಗಾಗಿ ಅನ್ವಯಿಸುತ್ತದೆ. ‘ಇಬ್ಬರಿಗೆ’ ಎಂದು ಬರೆದ ಡೇರೆ ಚೀಲ, ಬಂದೂಕು, ಒದ್ದೆ ಬಟ್ಟೆಗಳೊಡನೆ ಒಬ್ಬನಿಗೆ ಸಾಕಾಗುವಂಥದು. ಜಾಹೀರಾತಿನ ‘ಕನಿಷ್ಠ ತೂಕ’ದಲ್ಲಿ ಗೂಟ, ಹಗ್ಗ, ಚೀಲಗಳು ಸೇರಿರುವುದಿಲ್ಲ, ಎಲ್ಲವನ್ನೂ ಕೂಡಿಸಿ ತಕ್ಕಡಿಗೆ ಹಾಕಿಯೇ ಹೋಲಿಸಬೇಕು. ಹೊಲಿಗೆಗಳಿಗೆ ಅಂಟು ಬಳಿದಿದೆಯೇ, ಹಿಮ ಜಾರಿಬೀಳುವಷ್ಟು ಇಳಿಜಾರಿದೆಯೇ ಎಂಬುದನ್ನೂ ಪರಿಶೀಲಿಸಬೇಕು.

ಎಂಥ ಉತ್ತಮ ಡೇರೆಯೂ ತಪ್ಪು ಜಾಗದಲ್ಲಿ ನಿಷ್ಪ್ರಯೋಜಕ. ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಮಡುಗಟ್ಟುವುದರಿಂದ ಹಳ್ಳಕ್ಕಿಂತ ತುಸು ಮೇಲಿನ ಸಮತಟ್ಟು ನೆಲ ವಾಸಿ. 1990ರ ದಶಕದ ಕೊನೆಯಿಂದೀಚೆಗೆ ತೊಗಟೆ ಕೊರಕ ಜೀರುಂಡೆಯ ಹಾವಳಿಗೆ ರಾಕಿ ಪರ್ವತದ ಪೈನ್ ಕಾಡುಗಳು ಅಪಾರವಾಗಿ ಒಣಗಿವೆ. ಒಣಮರದ ಕೆಳಗೆ ಡೇರೆ ಹಾಕಿದವನಿಗೆ ಗಾಳಿ ಬೀಸಿದಾಗ ಬಟ್ಟೆಯ ಗುಣಮಟ್ಟ ನೆರವಾಗದು. ಕರಡಿಗಳಿರುವಲ್ಲಿ ಮಾಂಸ, ಆಹಾರಗಳನ್ನು ಡೇರೆಯಿಂದ ದೂರವಿಡುವುದು ಕಡ್ಡಾಯವೆಂದೇ ತಿಳಿಯಬೇಕು.

ಹೊಸ ಡೇರೆಯನ್ನು ಮನೆಯ ಅಂಗಳದಲ್ಲಿ, ಮಳೆ ಬರುವ ಒಂದು ರಾತ್ರಿ ಹಾಕಿ ಮಲಗಿ ನೋಡುವುದು ಒಳ್ಳೆಯದು. ಒದ್ದೆಯಾಗಿ ಬಂದವನು ಬೆಳಗಾಗುವುದರೊಳಗೆ ಒಣಗಿ, ಬೆಚ್ಚಗಾಗಿ ಏಳುವಂತೆ ಮಾಡುವ ಡೇರೆಗಳಲ್ಲಿ ಅತ್ಯಂತ ಹಗುರವಾದುದು ಯಾವುದೋ, ಅದನ್ನು ಹೊತ್ತೊಯ್ಯುವುದೇ ಜಾಣತನ.