ಸಭೆ ಸೇರುವ ಮುನ್ನ, ಸಭೆ ಮುಗಿದ ಮೇಲೆ

ನಮ್ಮ ನಾಡಿನಲ್ಲಿ ಮಳೆಗೆ ಬರ ಬಂದೀತು, ಸಭೆಗಳಿಗೆ ಬರ ಬಂದುದಿಲ್ಲ. ಊರ ಅರಳಿಕಟ್ಟೆಯಿಂದ ಹಿಡಿದು ವಿಶ್ವವಿದ್ಯಾನಿಲಯದವರೆಗೆ ನಾಲ್ಕು ಜನ ಸೇರಿದಲ್ಲೆಲ್ಲ ಒಂದು ಸಭೆ, ಸಭೆಗೊಬ್ಬ ಅಧ್ಯಕ್ಷ, ಅಧ್ಯಕ್ಷನಿಗೊಂದು ಹಾರ. ಭಾಷಣವೇ ಪ್ರಧಾನವಾದ ಸಭೆಗಳ ಮಾತು ಇಲ್ಲಿ ಬೇಡ. ಅವು ಕೇಳಿ ಸಂತೋಷಪಡುವುದಕ್ಕೆ ನಡೆಯುವಂಥವು. ಸಂತೋಷವಾಗದಿದ್ದರೆ ನಷ್ಟವಾಗುವುದು ಒಂದು ಸಂಜೆ. ನಾನು ಹೇಳಹೊರಟಿರುವುದು ವ್ಯವಹಾರದ ಸಭೆಗಳನ್ನು ಕುರಿತು. ಹಲವರ ಹಣ, ಹಲವರ ಹಿತ ಅಡಗಿರುವ ಈ ಸಭೆಗಳು ಕೊನೆಗೊಂದು ತೀರ್ಮಾನಕ್ಕೆ ಬಂದೇ ತೀರಬೇಕು. ಇವು ಕೆಟ್ಟರೆ ಅದರ ಫಲವನ್ನು ಉಣ್ಣುವವರು ಎಷ್ಟೋ ವೇಳೆ ಸಭೆಯಲ್ಲಿ ಬಾಯಿಬಿಡದೆ ಕುಳಿತವರು, ಅಥವಾ ಸಭೆಗೆ ಬಾರದೆ ಇದ್ದವರು.

ಇದಕ್ಕೆ ಹತ್ತಿರದ ಉದಾಹರಣೆ ನಮ್ಮ ಸಹಕಾರ ಸಂಘಗಳು. ೧೯೦೪ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಆ ಹಳ್ಳಿಗೆ ಅಗ್ರಸ್ಥಾನ. ಷೇರು ಎಷ್ಟೇ ಇರಲಿ, ಸದಸ್ಯನೊಬ್ಬನಿಗೆ ಮತ ಒಂದೇ ಎಂಬುದು ಸಹಕಾರ ತತ್ತ್ವದ ತಿರುಳು. ಆದರೆ ಈ ಮತಕ್ಕೆ ಜೀವ ಬರುವ ಸ್ಥಳ ಸಭೆ. ಸಭೆ ಸರಿಯಾಗಿ ನಡೆಯದಿದ್ದರೆ ಈ ಸಮಾನತೆ ಬೈಲಾ ಪುಸ್ತಕದ ಅಚ್ಚಿನ ಅಕ್ಷರವಾಗಿಯೇ ಉಳಿಯುತ್ತದೆ.

ನನಗೆ ಪರಿಚಿತವಾದ ನೌಕರರ ಪತ್ತಿನ ಸಂಘವೊಂದರ ನಡವಳಿ ಪುಸ್ತಕವನ್ನು ಓದುವ ಪ್ರಸಂಗ ಒಮ್ಮೆ ಬಂದಿತು. ಒಂದು ವರ್ಷದ ಮಹಾಸಭೆಯಲ್ಲಿ, ಸದಸ್ಯರಿಗೆ ಕೊಡುವ ಉಡುಗೊರೆ ಸ್ಟೀಲಿನ ಡಬ್ಬಿಯಾಗಬೇಕೆ, ಗೋಡೆ ಗಡಿಯಾರವಾಗಬೇಕೆ ಎಂಬ ಚರ್ಚೆಗೆ ಎರಡೂವರೆ ಪುಟ ಸಂದಿತ್ತು. ಕೊನೆಯಲ್ಲಿ, ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು’ ಎಂಬ ತಲೆಬರಹದ ಕೆಳಗೆ ಒಂದೇ ಸಾಲು: ‘ಮೃತ ಸದಸ್ಯರ ಬಾಕಿಯನ್ನು ಜಾಮೀನುದಾರರಿಂದ ವಸೂಲು ಮಾಡಲು ತೀರ್ಮಾನಿಸಲಾಯಿತು.’ ಜಾಮೀನು ನಿಂತಿದ್ದವರು ಕಚೇರಿಯ ಜವಾನರೊಬ್ಬರು. ಆ ಒಂದು ಸಾಲು ಮೂರು ವರ್ಷ ಅವರ ಸಂಬಳವನ್ನು ತಿಂದಿತು. ವಸೂಲಿ ಕಾನೂನಿಗೆ ಒಪ್ಪುವಂಥದೇ ಇದ್ದೀತು. ಆದರೆ ಮೃತರಿಗೆ ಸಲ್ಲಬೇಕಾಗಿದ್ದ ಹಣದಿಂದ ಮೊದಲು ಎಷ್ಟು ತೀರುತ್ತದೆ, ಉಳಿದುದಕ್ಕೆ ತಾಳಿಕೊಳ್ಳುವಂಥ ಕಂತು ಎಷ್ಟು ಎಂದು ಯಾರೂ ಕೇಳಿದ ಗುರುತು ಆ ಪುಸ್ತಕದಲ್ಲಿರಲಿಲ್ಲ. ತಮ್ಮ ವಿಷಯ ಅಂದು ಬರುತ್ತದೆಂಬ ಸುಳಿವೂ ಆ ಜವಾನರಿಗೆ ಇರಲಿಲ್ಲ.

ಇದು ನಮ್ಮವರದೇ ದೋಷವೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನ ಇತಿಹಾಸಕಾರ ನಾರ್ತ್‌ಕೋಟ್ ಪಾರ್ಕಿನ್‌ಸನ್ ೧೯೫೭ರಲ್ಲಿ ಪ್ರಕಟಿಸಿದ ‘ಪಾರ್ಕಿನ್‌ಸನ್ಸ್ ಲಾ’ ಎಂಬ ವಿನೋದಗ್ರಂಥದಲ್ಲಿ ಒಂದು ಹಣಕಾಸು ಸಮಿತಿಯನ್ನು ಕಲ್ಪಿಸಿದ್ದಾನೆ. ಒಂದು ಕೋಟಿ ಪೌಂಡಿನ ಅಣು ಸ್ಥಾವರಕ್ಕೆ ಆ ಸಮಿತಿ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುತ್ತದೆ. ೩೫೦ ಪೌಂಡಿನ ಸೈಕಲ್ ಚಪ್ಪರಕ್ಕೆ ಮುಕ್ಕಾಲು ಗಂಟೆ. ವರ್ಷಕ್ಕೆ ೨೧ ಪೌಂಡು ಬೀಳುವ ಉಪಾಹಾರದ ವೆಚ್ಚಕ್ಕೆ ಒಂದೂಕಾಲು ಗಂಟೆ. ಕಾರಣ ಸ್ಪಷ್ಟ. ಅಣು ಸ್ಥಾವರ ಯಾರಿಗೂ ತಿಳಿಯದು. ಕಾಫಿಯ ರುಚಿ ಯಾರಿಗೆ ತಿಳಿಯದು? ತಿಳಿದ ವಿಷಯದ ಮೇಲೆ ಮಾತು ಹರಿಯುತ್ತದೆ, ತಿಳಿಯದುದರ ಮೇಲೆ ಮೌನ ಕವಿಯುತ್ತದೆ. ಆ ಮೌನವನ್ನೇ ಸಮ್ಮತಿಯೆಂದು ಬರೆದುಕೊಳ್ಳುತ್ತಾರೆ. ಸ್ಟೀಲಿನ ಡಬ್ಬಿಗೆ ಎರಡೂವರೆ ಪುಟ, ಜವಾನರ ಸಂಬಳಕ್ಕೆ ಒಂದು ಸಾಲು ದೊರೆತುದರ ಗುಟ್ಟು ಇದೇ.

ಹಾಗಾದರೆ ಸಭೆಯನ್ನು ನಡೆಸುವುದು ಹೇಗೆ? ಅರ್ಧ ಕೆಲಸ ಸಭೆ ಸೇರುವ ಮುನ್ನವೇ ಮುಗಿದಿರಬೇಕು. ೨೦೧೩ರ ಕಂಪನಿ ಕಾಯಿದೆಯ ಪ್ರಕಾರ ಕಂಪನಿಯ ಮಹಾಸಭೆಗೆ ಸಾಮಾನ್ಯವಾಗಿ ಪೂರ್ತಿ ೨೧ ದಿನ ಮುಂಚಿತವಾಗಿ, ನಿರ್ದೇಶಕರ ಸಭೆಗೆ ೭ ದಿನ ಮುಂಚಿತವಾಗಿ ನೋಟೀಸು ಹೋಗಬೇಕು. ಮಹಾಸಭೆಯಲ್ಲಿ ವಿಶೇಷ ವಿಷಯವೇನಾದರೂ ಇದ್ದರೆ ಅದರ ವಿವರಣೆಯೂ ನೋಟೀಸಿನ ಜೊತೆಗಿರಬೇಕು. ಇದು ಬರಿಯ ಶಿಷ್ಟಾಚಾರವಲ್ಲ. ತಿಳಿಯದವನಿಗೆ ತಿಳಿದುಕೊಳ್ಳಲು, ಬಾಧೆಗೆ ಒಳಗಾಗುವವನಿಗೆ ಮಾತು ಸಿದ್ಧಮಾಡಿಕೊಳ್ಳಲು ಕೊಟ್ಟ ಅವಕಾಶ ಅದು. ಹಿಂದಿನ ರಾತ್ರಿ ವಾಟ್ಸ್‌ಆ್ಯಪಿನಲ್ಲಿ ಬಂದಿಳಿಯುವ ಎರಡು ಸಾಲಿನ ಕರೆಯಿಂದ ಆ ಅವಕಾಶ ದೊರೆಯದು.

ಮೇಲೆ ಹೇಳಿದ ಸಂಘಕ್ಕೆ ಅನಂತರ ಅಧ್ಯಕ್ಷರಾಗಿ ಬಂದವರು ಒಬ್ಬ ಮಿತಭಾಷಿಣಿಯಾದ ಮಹಿಳೆ. ಅವರು ಮಾಡಿದ ಮೊದಲ ಬದಲಾವಣೆ ಕಾರ್ಯಸೂಚಿಯ ಭಾಷೆಯಲ್ಲಿ. ‘ಸಾಲದ ಬಾಬು’ ಎಂದು ಬರೆಯುತ್ತಿದ್ದ ಕಡೆ, ‘ಜಾಮೀನುದಾರರಿಂದ ವಸೂಲು ಮಾಡುವ ಮುನ್ನ ಅವರ ಅಹವಾಲನ್ನು ಕೇಳಬೇಕೆ?’ ಎಂದು ಪ್ರಶ್ನೆಯಾಗಿ ಬರೆಯಿಸಿದರು. ಬಾಬಿಗೆ ತಲೆದೂಗಬಹುದು, ಪ್ರಶ್ನೆಗೆ ಉತ್ತರ ಹೇಳಲೇಬೇಕು. ಎರಡನೆಯದಾಗಿ, ಭಾರವಾದ ವಿಷಯಗಳನ್ನು ಮೊದಲಿಗೆ ತಂದು, ಉಡುಗೊರೆಯ ವಿಷಯವನ್ನು ಊಟಕ್ಕೆ ಏಳುವ ಹದಿನೈದು ನಿಮಿಷ ಮೊದಲು ಇಟ್ಟರು. ಹಸಿವಿನ ಮುಂದೆ ಗಡಿಯಾರದ ಚರ್ಚೆ ಬೇಗನೆ ಮುಗಿಯಿತು.

ಸಭೆ ಕೂಡಿದ ಮೇಲೆ ಅಧ್ಯಕ್ಷನ ಧರ್ಮವೇನು? ತಾನು ಮಾತನಾಡುವುದಕ್ಕಿಂತ ಮಾತನಾಡದವರ ಬಾಯಿಂದ ಮಾತು ಬರಿಸುವುದು. ಸಭೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಹಾಭಾರತದ ಸಭಾಪರ್ವ. ದ್ರೌಪದಿ ಒಂದು ಪ್ರಶ್ನೆಯನ್ನು ಮುಂದಿಟ್ಟಳು. ಭೀಷ್ಮ ಧರ್ಮ ಸೂಕ್ಷ್ಮವೆಂದು ತಡವರಿಸಿದ. ದ್ರೋಣ ಕೃಪರು ತಲೆತಗ್ಗಿಸಿದರು. ವಿದುರನನ್ನು ಬಿಟ್ಟರೆ ನ್ಯಾಯವನ್ನು ನುಡಿಯಲು ಎದ್ದವನು ದುರ್ಯೋಧನನ ತಮ್ಮಂದಿರಲ್ಲೊಬ್ಬನಾದ ವಿಕರ್ಣ. ಅವನನ್ನು ಹುಡುಗನೆಂದು ಹೀಯಾಳಿಸಿ ಕರ್ಣ ಬಾಯಿಮುಚ್ಚಿಸಿದ. ಹಿರಿಯರ ಮೌನ, ಕಿರಿಯನ ತಿರಸ್ಕಾರ, ಇವೆರಡೂ ಸೇರಿದಾಗ ಎಂಥ ಸಭೆಯೂ ಉಳಿಯದು. ಕಿರಿಯರ ಅಭಿಪ್ರಾಯವನ್ನು ಮೊದಲು ಪಡೆದು ಹಿರಿಯರದನ್ನು ಕಡೆಯಲ್ಲಿ ಪಡೆಯುವ ಹಳೆಯ ಪದ್ಧತಿಯೊಂದು ಸೈನಿಕ ನ್ಯಾಯಮಂಡಲಿಗಳಲ್ಲಿ ಉಂಟು. ಹಿರಿಯನು ಮೊದಲೇ ನುಡಿದರೆ ಕಿರಿಯನ ನುಡಿ ಪ್ರತಿಧ್ವನಿಯಾಗುತ್ತದೆಂಬುದನ್ನು ಆಜ್ಞಾಪಾಲನೆಯೇ ಉಸಿರಾದ ಸೈನ್ಯವೂ ಅರಿತಿದೆ. ಪ್ರಿನ್ಸಿಪಾಲರು ‘ನನಗನಿಸುವುದೇನೆಂದರೆ’ ಎಂದು ಆರಂಭಿಸಿದ ಮೇಲೆ ಅಧ್ಯಾಪಕರಿಗೆ ಬೇರೇನಾದರೂ ಅನಿಸಿದುದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಇನ್ನು ಸಭೆ ಮುಗಿದ ಮೇಲಿನ ಕೆಲಸ. ಕನ್ನಡ ಮೇಷ್ಟ್ರಾದ ನನಗೆ ನಡವಳಿ ಪುಸ್ತಕದ ವ್ಯಾಕರಣವೇ ಒಂದು ಕೌತುಕ. ಕರ್ಮಣಿ ಪ್ರಯೋಗ ನಮ್ಮ ಆಡುನುಡಿಗೆ ಒಗ್ಗಿದ್ದಲ್ಲ. ‘ಅಮ್ಮನಿಂದ ಅನ್ನವು ಬಡಿಸಲ್ಪಟ್ಟಿತು’ ಎಂದು ಯಾವ ಮಗುವೂ ಹೇಳುವುದಿಲ್ಲ. ನಡವಳಿ ಪುಸ್ತಕದಲ್ಲಾದರೋ ಎಲ್ಲವೂ ‘ಚರ್ಚಿಸಲಾಯಿತು’, ‘ತೀರ್ಮಾನಿಸಲಾಯಿತು’, ‘ಸೂಕ್ತ ಕ್ರಮ ಕೈಗೊಳ್ಳಲು ಒಪ್ಪಲಾಯಿತು’. ವಾಕ್ಯದಿಂದ ಕರ್ತೃ ಕಾಣೆಯಾದರೆ ಲೋಕದಲ್ಲಿಯೂ ಅವನು ಕಾಣೆಯಾಗುತ್ತಾನೆ. ಸೂಕ್ತ ಕ್ರಮವನ್ನು ಯಾರು ಕೈಗೊಳ್ಳಬೇಕು, ಎಂದಿನೊಳಗೆ? ಹೇಳುವವರಿಲ್ಲ. ಆದ್ದರಿಂದಲೇ ಅದೇ ವಿಷಯ ಮುಂದಿನ ವರ್ಷವೂ ಹಾಗೆಯೇ ಬಂದು ಕೂರುತ್ತದೆ. ಕಂಪನಿಗಳ ಸಭೆಯ ನಡವಳಿ ಮೂವತ್ತು ದಿನಗಳೊಳಗೆ ಪುಸ್ತಕಕ್ಕೆ ಏರಬೇಕೆಂದು ಕಾಯಿದೆ ಹೇಳುತ್ತದೆ. ಅದು ಕಡೆಯ ಗಡುವು. ನೆನಪು ಹಸಿಯಾಗಿರುವಾಗಲೇ, ಒಂದೆರಡು ದಿನಗಳಲ್ಲಿ ಬರೆದು ಸದಸ್ಯರ ಕೈಗೆ ಮುಟ್ಟಿಸಿದರೆ ಇನ್ನೂ ಲೇಸು. ಅದರ ಪ್ರತಿಯೊಂದು ತೀರ್ಮಾನಕ್ಕೂ ಒಂದು ಹೆಸರು, ಒಂದು ತಾರೀಖು ಇರಲಿ: ‘ಜಾಮೀನುದಾರರನ್ನು ಕಾರ್ಯದರ್ಶಿಯವರು ಈ ತಿಂಗಳ ಹದಿನೈದರೊಳಗೆ ಕಂಡು, ಕಂತಿನ ಪಟ್ಟಿಯನ್ನು ಮುಂದಿನ ಸಭೆಗೆ ಒಪ್ಪಿಸತಕ್ಕದ್ದು.’ ಈ ವಾಕ್ಯಕ್ಕೆ ಅಲಂಕಾರವಿಲ್ಲ, ಆದರೆ ಕೈಕಾಲುಗಳಿವೆ.

ಇಷ್ಟೆಲ್ಲ ನಿಯಮಗಳಿಂದ ಸಭೆಯ ಸ್ವಾರಸ್ಯ ಕೆಡುವುದಿಲ್ಲವೆ ಎಂದು ಕೆಲವರು ಕೇಳಬಹುದು. ಛಂದಸ್ಸಿನಿಂದ ಕಾವ್ಯ ಕೆಡುತ್ತದೆಯೆ? ಗಣ ತಪ್ಪದಂತೆ ಬರೆಯುವುದು ಕವಿಗೆ ಬಂಧನವೆನಿಸಿದರೂ ಕೇಳುವವನ ಕಿವಿಗೆ ಅದು ಸೌಕರ್ಯವೇ. ಹಾಗೆಯೇ ಸಭೆಯ ಕಟ್ಟುಪಾಡುಗಳು ಮಾತುಬಲ್ಲವರಿಗೆ ಕಿರಿಕಿರಿಯೆನಿಸಿದರೂ ಮಾತುಬಾರದವರಿಗೆ ಆಸರೆ. ವಾಗ್ಮಿಗೆ ನೋಟೀಸು ಬೇಡ, ಸರದಿಯೂ ಬೇಡ. ಅವನು ಎಲ್ಲಿದ್ದರೂ ತನ್ನ ಪಾಲನ್ನು ಪಡೆದುಕೊಳ್ಳುತ್ತಾನೆ. ಹಿಂದಿನ ಬೆಂಚಿನ ತುದಿಯಲ್ಲಿ ಕೈಕಟ್ಟಿ ಕುಳಿತವರಿಗೆ ಬೇಕು, ಅವೆರಡೂ. ಒಂದು ಸಭೆ ಚೆನ್ನಾಗಿ ನಡೆಯಿತೆ ಎಂದು ತಿಳಿಯಬೇಕಾದರೆ ವೇದಿಕೆಯ ಮೇಲಿದ್ದವರನ್ನು ಕೇಳಿ ಪ್ರಯೋಜನವಿಲ್ಲ, ಅವರನ್ನು ಕೇಳಬೇಕು.