ರಾಗಿಯ ಕೂಸಿನ ಊಟ, ನಮ್ಮ ಕೂಸಿನ ತುತ್ತು

ಒಂದೇ ಒಂದು ಚಮಚ! ಕಣ್ಣಾರೆ ಕಾಣದಿದ್ದರೆ ನಾನೂ ನಂಬುತ್ತಿರಲಿಲ್ಲ.

ಮಗಳಿಗೆ ಆರು ತಿಂಗಳು ತುಂಬಿದ ವಾರ. ಅಂಗಡಿಯಿಂದ ತಂದ ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ ಒಲೆಯ ಮೇಲಿಟ್ಟಿದ್ದೆ. ನೋಡನೋಡುತ್ತಲೇ ಅದು ಬಿಗಿದುಕೊಂಡು ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಯಿತು. ಇನ್ನಷ್ಟು ನೀರು ಸುರಿಯಲು ಚೊಂಬು ಎತ್ತಿದೆ. ಮಂಡ್ಯದಿಂದ ಬಂದಿದ್ದ ಅಮ್ಮ ಕೈ ಹಿಡಿದಳು. ಒಲೆ ಆರಿಸಿ, ಕುದಿ ಇಳಿಯುವವರೆಗೆ ಕಾದು, ತನ್ನ ಚೀಲದಿಂದ ಡಬ್ಬಿ ತೆಗೆದು ಒಂದು ಚಮಚ ಹಿಟ್ಟು ಉದುರಿಸಿದಳು. “ತಿರುವ್ತಾನೇ ಇರು ಕಣವ್ವ, ನಿಲ್ಲಿಸಬ್ಯಾಡ.”

ತಿರುವಿದೆ. ಒಂದು ನಿಮಿಷ, ಎರಡು ನಿಮಿಷ. ಸೌಟಿಗೆ ಹಿಡಿತ ತಪ್ಪಿದಂತಾಯಿತು. ಮುದ್ದೆಯಂತಿದ್ದದ್ದು ಸಡಿಲವಾಯಿತು, ಜಾರಿತು, ಕೊನೆಗೆ ಕೆನೆಹಾಲಿನ ಹಾಗೆ ಹರಿಯತೊಡಗಿತು. ಒಂದು ಹನಿ ನೀರನ್ನೂ ಸೇರಿಸಿರಲಿಲ್ಲ! ಅಮ್ಮ ಮತ್ತೆ ಒಲೆ ಹಚ್ಚಿ ಚೆನ್ನಾಗಿ ಕುದಿಸಿದಳು. ಈ ಸಲ ಅದು ಗಟ್ಟಿಯಾಗಲಿಲ್ಲ.

ಡಬ್ಬಿಯಲ್ಲಿದ್ದದ್ದು ಏನು? ಅದೂ ರಾಗಿಯೇ. ಆದರೆ ಮೊಳಕೆ ಕಟ್ಟಿದ ರಾಗಿ. ರಾತ್ರಿಯಿಡೀ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟು, ಬಿಳಿ ಮೊಳಕೆ ಇಣುಕಿದ ಮೇಲೆ ಒಣಗಿಸಿ, ಘಮ್ಮೆನ್ನುವಷ್ಟೇ ಹದವಾಗಿ ಬೆಚ್ಚಗೆ ಮಾಡಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಸರಿ ಹಿಟ್ಟು. ಕರಾವಳಿ, ಮಲೆನಾಡಿನ ಕಡೆ ಕೂಸಿಗೆ ಮಣ್ಣಿ ಮಾಡುವುದೂ ರಾಗಿಯಿಂದಲೇ. ಹೆಸರು ಬೇರೆ, ಹಂಬಲ ಒಂದೇ.

ಆ ಚಮಚದೊಳಗೆ ನಡೆದದ್ದನ್ನು ತಿಳಿದಾಗ ನನ್ನ ಮೈ ಜುಮ್ಮೆಂದಿತು. ಪ್ರತಿ ಬೀಜದೊಳಗೂ ಒಂದು ಕೂಸು ಮಲಗಿರುತ್ತದೆ. ಅದರ ಪಕ್ಕದಲ್ಲೇ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ, ಪಿಷ್ಟ. ಆ ಕೂಸಿಗೆ ಬೇರಿಲ್ಲ, ಎಲೆಯಿಲ್ಲ, ಪಿಷ್ಟವನ್ನು ಇಡಿಯಾಗಿ ನುಂಗುವ ಶಕ್ತಿಯೂ ಇಲ್ಲ. ನೀರು ತಾಗಿ ಮೊಳಕೆಯೊಡೆಯುವಾಗ ಬೀಜ ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಅದು ಪಿಷ್ಟದ ಉದ್ದುದ್ದ ಸರಗಳನ್ನು ಕತ್ತರಿಸಿ ಸಣ್ಣ ಸಣ್ಣ ಸಕ್ಕರೆಗಳನ್ನಾಗಿಸುತ್ತದೆ. ಅಂದರೆ ರಾಗಿ ತನ್ನ ಮಗುವಿಗೆ ಊಟವನ್ನು ಮೆತ್ತಗೆ ಮಾಡಿ ಉಣಿಸುತ್ತಿದೆ! ಅದೇ ಕಿಣ್ವ ನನ್ನ ಪಾತ್ರೆಯ ಗಂಜಿಯನ್ನೂ ಕತ್ತರಿಸಿ ಹಾಕಿತ್ತು. ಮೊದಲ ತಿಂಗಳುಗಳಲ್ಲಿ ಮನುಷ್ಯರ ಮಗುವಿನ ಮೇದೋಜೀರಕ ಗ್ರಂಥಿ ಇದೇ ಅಮೈಲೇಸನ್ನು ಬಲು ಕಡಿಮೆ ಒಸರುತ್ತದೆ. ನಮ್ಮ ಕೂಸಿಗೆ ಕೊರತೆಯಿರುವುದನ್ನು ರಾಗಿಯ ಕೂಸು ತುಂಬಿಕೊಡುತ್ತದೆ.

ನೀರು ಸುರಿದು ತೆಳ್ಳಗೆ ಮಾಡಿದ್ದರೆ ಸಾಲುತ್ತಿರಲಿಲ್ಲವೇ? ಸಾಲದು. ಮಗುವಿನ ಹೊಟ್ಟೆ ಹಿಡಿಸುವುದು ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್. ಏಳು ಕಿಲೋ ಮಗುವಿಗೆ ಒಂದು ಲೋಟದಷ್ಟು. ಅದನ್ನು ನೀರಿನಿಂದಲೇ ತುಂಬಿದರೆ ಹೊಟ್ಟೆ ಉಬ್ಬುತ್ತದೆ, ಮೈಗೆ ಹತ್ತುವುದಿಲ್ಲ. ಮೊಳಕೆ ಹಿಟ್ಟು ಸತ್ವವನ್ನು ಹಾಗೆಯೇ ಉಳಿಸಿ ಗಂಜಿಯನ್ನಷ್ಟೇ ಸಡಿಲಿಸುತ್ತದೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1982ರಲ್ಲಿ ಪ್ರಕಟಿಸಿದ ಶಿಶು ಆಹಾರದ ಗುಟ್ಟೂ ಇದೇ: ಮೊಳಕೆ ರಾಗಿ, ಜೊತೆಗೆ ಹೆಸರುಕಾಳು. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಹೆಸರಿನಲ್ಲಿ ಅದು ಧಾರಾಳ. ಒಂದರ ಕೊರತೆಗೆ ಇನ್ನೊಂದು ಹೆಗಲು ಕೊಡುತ್ತದೆ. ಇನ್ನು ಸುಣ್ಣದಂಶವೋ, 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ!

ಹದ ಸಿಕ್ಕಿತು. ರುಚಿ? ಇಲ್ಲಿ ನನಗೆ ಇನ್ನೂ ದೊಡ್ಡ ಬೆರಗು ಕಾದಿತ್ತು. ಮಗುವಿನ ನಾಲಗೆ ಬರೆಯದ ಹಲಗೆ, ಸಪ್ಪೆಯದನ್ನೇ ಕೊಡಬೇಕು ಎಂದುಕೊಂಡಿದ್ದೆ. ಶುದ್ಧ ತಪ್ಪು. ರುಚಿಯ ಪಾಠ ಗರ್ಭದಲ್ಲೇ ಶುರುವಾಗಿರುತ್ತದೆ! 2022ರಲ್ಲಿ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಸಂಶೋಧಕರು ಗರ್ಭಿಣಿಯರಿಗೆ ಕ್ಯಾರೆಟ್ ಪುಡಿಯ ಗುಳಿಗೆ ಕೊಟ್ಟು, ಇಪ್ಪತ್ತು ನಿಮಿಷದ ಬಳಿಕ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಮುಖ ನೋಡಿದರು. ನಕ್ಕಂಥ ಮುಖ! ಕಹಿಯಾದ ಕೇಲ್ ಸೊಪ್ಪಿನ ಪುಡಿಗೆ ಅಳುಮುಖ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಚಾಂಪ್ 1991ರಲ್ಲಿ ಹಾಲೂಡಿಸುವ ತಾಯಂದಿರಿಗೆ ಬೆಳ್ಳುಳ್ಳಿ ಕೊಟ್ಟು ನೋಡಿದರು. ಸುಮಾರು ಎರಡು ಗಂಟೆಯಲ್ಲಿ ಎದೆಹಾಲಿಗೆ ಅದರ ವಾಸನೆ ಬಂದಿತು. ಮಕ್ಕಳು ಮುಖ ತಿರುಗಿಸಲಿಲ್ಲ, ಇನ್ನೂ ಹೆಚ್ಚು ಹೊತ್ತು ಎದೆಗೆ ಅಂಟಿಕೊಂಡವು.

ಇದನ್ನೆಲ್ಲ ಓದುತ್ತಿದ್ದಂತೆ ನನ್ನ ಬಾಣಂತನ ಕಣ್ಣ ಮುಂದೆ ಬಂತು. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಸಾರು, ಜೀರಿಗೆ, ಓಂಕಾಳು. ನಾನು ಉಂಡದ್ದನ್ನೆಲ್ಲ ಮಗಳು ಆಗಲೇ ಮೂಸಿಯಾಗಿತ್ತು. ಅವಳಿಗೆ ನಮ್ಮ ಅಡುಗೆಮನೆ ಹೊಸದಲ್ಲ!

ಅಂದಿನಿಂದ ನಮ್ಮ ಬಟ್ಟಲಿಗೆ ಬಣ್ಣ ಬಂತು. ಮೊದಲು ಒಂದೊಂದೇ ತರಕಾರಿ, ಒಂದೊಂದೇ ಹಣ್ಣು. ಹೊಂದಿಕೊಂಡ ಮೇಲೆ ಜೋಡಿಗಳು. ಬೇಯಿಸಿ ನುರಿದ ಸಿಹಿಗುಂಬಳಕ್ಕೆ ಹೆಸರುಬೇಳೆ ಮತ್ತು ಚಿಟಿಕೆ ಜೀರಿಗೆಪುಡಿ. ಕ್ಯಾರೆಟ್ಟಿಗೆ ಅರ್ಧ ಚಮಚ ತುಪ್ಪ, ಏಕೆಂದರೆ ಅದರ ಕಿತ್ತಳೆ ಬಣ್ಣದೊಳಗಿನ ಸತ್ವ ಮೈಗೆ ಸೇರಲು ಜಿಡ್ಡು ಬೇಕು. ಹರಿವೆ ಸೊಪ್ಪು ಬೆರೆತ ಬೇಳೆಗೆ ಎರಡು ಹನಿ ನಿಂಬೆರಸ, ಏಕೆಂದರೆ ಸೊಪ್ಪು ಕಾಳುಗಳ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಆರು ತಿಂಗಳಾದ ಮೇಲೆ ಮಗುವಿಗೆ ಎದೆಹಾಲಿನ ಕಬ್ಬಿಣ ಸಾಲದು, ಹಾಗಾಗಿ ಆ ಎರಡು ಹನಿಗೆ ಬಹಳ ಬೆಲೆ. ಬೆಣ್ಣೆಹಣ್ಣಿಗೆ ಏಲಕ್ಕಿಬಾಳೆ. ಬೇಯಿಸಿದ ಸೇಬಿಗೆ ರಾಗಿ ಸರಿ.

ಮೊದಲ ತುತ್ತಿಗೆ ಮಗಳು ಮುಖ ಹಿಂಡಿದಳು. ಬೇಡವೆಂದಲ್ಲ, ಹೊಸದು ಎಂದಷ್ಟೇ. ಒಂದೇ ರುಚಿಯನ್ನು ಎಂಟು ಹತ್ತು ಸಲ ಒತ್ತಾಯವಿಲ್ಲದೆ ಮುಂದಿಟ್ಟರೆ ಬಹಳಷ್ಟು ಮಕ್ಕಳು ಒಲಿಯುತ್ತವೆ. ಹರಿವೆ ಸೊಪ್ಪಿಗೆ ನಮ್ಮವಳು ಒಂಬತ್ತನೆಯ ಸಲ ತಾನೇ ಬಾಯಿ ತೆರೆದಳು!

ಕೆಲವು ಕಟ್ಟುಗಳನ್ನು ಮಾತ್ರ ಮೀರಬಾರದು. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೂ ಊಟದ ಜೊತೆ ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವರ್ಷ ತುಂಬುವ ಮೊದಲು ಜೇನು ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಮಗುವಿನ ಜೀವಕ್ಕೇ ಅಪಾಯ. ಉಪ್ಪು, ಸಕ್ಕರೆ, ಬೆಲ್ಲವೂ ಬೇಡ. ಇಡೀ ಕಡಲೆಕಾಯಿ ಬೀಜ ಉಸಿರು ಕಟ್ಟಿಸುತ್ತದೆ. ಆದರೆ ನುಣ್ಣಗೆ ಅರೆದು ಸರಿಯಲ್ಲಿ ತೆಳ್ಳಗೆ ಬೆರೆಸಿದ ಕಡಲೆಕಾಯಿ ಹಾಗಲ್ಲ. ಬೇಗ ರೂಢಿ ಮಾಡಿಸಿದ ಮಕ್ಕಳಲ್ಲಿ ಅದರ ಅಲರ್ಜಿ ಬಹಳ ಕಡಿಮೆಯಾದದ್ದನ್ನು 2015ರಲ್ಲಿ ಲಂಡನ್ನಿನ ಅಧ್ಯಯನವೊಂದು ತೋರಿಸಿತು. ಮೈಯಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ. ಮೊಳಕೆ ಕಟ್ಟುವ ಬಟ್ಟೆ ಶುಚಿಯಾಗಿರಲಿ, ಹಿಟ್ಟು ಚೆನ್ನಾಗಿ ಒಣಗಿರಲಿ, ಸರಿಯನ್ನು ಕುದಿಸಿಯೇ ಉಣಿಸಿ. ಎಂಟು ತಿಂಗಳ ಹೊತ್ತಿಗೆ ಮಿಕ್ಸಿ ಬದಿಗಿಟ್ಟು ಕೈಯಲ್ಲೇ ಕಿವುಚಿ ಕೊಡಿ, ಅಗಿಯುವುದನ್ನೂ ಮಗು ಕಲಿಯಬೇಕು.

ನಿಮ್ಮ ಮನೆಯಲ್ಲೂ ಐದು ತಿಂಗಳ ಕೂಸು ಆಡುತ್ತಿದೆಯೇ? ಇವತ್ತು ರಾತ್ರಿ ಒಂದು ಬಟ್ಟಲು ರಾಗಿ ನೆನೆಹಾಕಿ. ನಾಳಿದ್ದು ಗಂಟು ಬಿಚ್ಚಿದಾಗ ಬಟ್ಟೆಯ ತುಂಬ ಸಾವಿರಾರು ಬಿಳಿ ಮೊಳಕೆಗಳು ಇಣುಕುತ್ತಿರುತ್ತವೆ. ಒಂದು ಕ್ಷಣ ನಿಂತು ನೋಡಿ. ನಿಮ್ಮ ಮಗುವಿನ ಮೊದಲ ತುತ್ತು ಅಲ್ಲಿ ಆಗಲೇ ಸಿದ್ಧವಾಗುತ್ತಿದೆ.