ಬಾಗಿಲು ಕಾಯುವ ವಿದ್ಯೆ

ಬೆಳಗಾವಿಯ ಕೋಟೆಯ ಬಾಗಿಲಲ್ಲಿ ಕಾವಲುಗಾರನೊಬ್ಬನನ್ನು ಊಹಿಸಿಕೊಳ್ಳಿ. ಕಮಲ ಬಸದಿಯನ್ನು ಕೇಳಿದವರಿಗೆ ಒಂದು ದಾರಿ ತೋರುತ್ತಾನೆ. ಸಫಾ ಮಸೀದಿಯನ್ನು ಕೇಳಿದವರಿಗೆ ಇನ್ನೊಂದು. ಒಳಗಿಲ್ಲದ ಮನೆಯನ್ನು ಕೇಳಿದವರಿಗೆ ‘ಇಲ್ಲ’ವೆನ್ನುತ್ತಾನೆ. ಜಾಲತಾಣವನ್ನು ನಡೆಸುವ ‘ವೆಬ್ ಫ್ರೇಮ್‌ವರ್ಕ್’ ಎಂಬ ಚೌಕಟ್ಟಿನ ಮೂಲಧರ್ಮವೂ ಇದೇ: ಕೇಳಿದ ವಿಳಾಸವನ್ನು ಓದಿ, ತಕ್ಕ ಕಾರ್ಯಕ್ಕೆ ಒಪ್ಪಿಸಿ, ಉತ್ತರವನ್ನು ಮರಳಿಸುವುದು. ವಿಳಾಸ ದೊರೆಯದಿದ್ದರೆ 404 ಎಂಬ ಅಂಕಿ.

1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿರುವ ಈ ಊರಿನ ವಿದ್ಯಾರ್ಥಿಗಳಿಗೆ ಸಿದ್ಧ ಚೌಕಟ್ಟುಗಳಿಗೇನು ಕೊರತೆ? ಆದರೆ ಅವು ಕೈಕೊಟ್ಟ ದಿನ, ಒಳಗುಟ್ಟನ್ನರಿಯದವನು ಬಾಗಿಲಲ್ಲೇ ನಿಲ್ಲಬೇಕಾದೀತು. ಆದುದರಿಂದ ಪೈಥಾನ್ ಎಂಬ ಗಣಕಭಾಷೆಯಲ್ಲಿ ಪುಟ್ಟ ಚೌಕಟ್ಟೊಂದನ್ನು ತಾನೇ ಕಟ್ಟಿ ನೋಡುವುದು ಲೇಸು. 2010ರ ಏಪ್ರಿಲ್ ಒಂದರಂದು ಆರ್ಮಿನ್ ರೊನಾಕರ್ ವಿನೋದಕ್ಕೆಂದು ಹೊರತಂದ ಇಂಥದೊಂದು ಕೃತಿಯೇ ಪ್ರಸಿದ್ಧ ‘ಫ್ಲಾಸ್ಕ್’ ಚೌಕಟ್ಟಿಗೆ ನಾಂದಿಯಾಯಿತು. ಎಲ್ಲರ ಕೃತಿಯೂ ಹಾಗಾಗದು. ಆದರೂ ಕಟ್ಟಿದವನು ಒಳದಾರಿಯನ್ನು ಬಲ್ಲವನಾಗುತ್ತಾನೆ.